33ನೇ ಮನೆಗೆ ನಿಂತ ಮೆಸೇಜ್: ಬದಿಯಡ್ಕ ಕಡೆಯ ಒಂದು ಅಡಕೆ ಸಂಘದ ಪ್ರಕರಣ

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದುಬಿಟ್ಟಿತು. ವಾಡಿಕೆಯ ದಿನ ಜೂನ್ 1. ಎಂಟು ದಿನ ಮುಂಚೆ ಬಂದರೆ ಏನಾಯಿತು ಅಂತ ಪೇಟೆಯವರು ಕೇಳಬಹುದು. ಅಡಕೆ ತೋಟ ಇರುವವರು ಕೇಳುವುದಿಲ್ಲ. ಕಾಯಿ ಕೊಳೆಸುವ ಕೊಳೆರೋಗಕ್ಕೆ ಮೊದಲ ಸುತ್ತಿನ ಮದ್ದು ಮಳೆ ಹಿಡಿಯುವ ಮೊದಲೇ ಬಿಟ್ಟಾಗಬೇಕು, ಅಂದರೆ ಗೊನೆಗಳಿಗೆ ಸಿಂಪಡಿಸಿ ಆಗಬೇಕು. ಎರಡನೆಯದು 40–45 ದಿನ ಕಳೆದು. ಮದ್ದು ಎಂದರೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕಲಸಿದ್ದನ್ನು ಅವತ್ತೇ ಬಿಟ್ಟು ಮುಗಿಸಬೇಕು. ನಾಳೆಗೆ ಇಟ್ಟರೆ ಅದು ಬರೀ ನೀಲಿ ನೀರು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಅಡಕೆ ಬೆಳೆಗಾರರ ಸಂಘದ ಕತೆ ಇದು. ಸಂಘದ ಹೆಸರು ಬೇಡ. 164 ಸದಸ್ಯರು. ಮರ ಹತ್ತುವವರು ಸಿಗದ ಕಾಲ ಬಂದ ಮೇಲೆ ಸಂಘವೇ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದದ ಕೋಲು) ತೆಗೆದುಕೊಂಡು ಮೂರು ತಂಡ ಕಟ್ಟಿತು. ಸದಸ್ಯರು ಮೊದಲೇ ಹೆಸರು ಬರೆಸಬೇಕು. ಮಳೆ ಬಿಟ್ಟು ಹೊಳವಾದ ಹೊತ್ತು ನೋಡಿ ತಂಡ ತೋಟಕ್ಕೆ ಬರುತ್ತದೆ. ತೊಂದರೆ ಅಲ್ಲೇ ಇರುವುದು. ಹೊಳವು ಯಾವಾಗ ಅಂತ ಹಿಂದಿನ ಸಂಜೆಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಆ ಸಂಜೆ ಅಷ್ಟೂ ಮನೆಗೆ ಸುದ್ದಿ ಮುಟ್ಟಿಸಬೇಕು.

ವಾಟ್ಸ್ಯಾಪ್ ಗುಂಪು ಇತ್ತು. ಆದರೆ ಅದರಲ್ಲಿ ಇದ್ದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರದ್ದು ಬಟನ್ ಫೋನ್. ಇನ್ನು ಕೆಲವರದ್ದು ಸ್ಮಾರ್ಟ್‌ಫೋನೇ, ಆದರೆ ಮನೆ ಇರುವುದು ಗುಡ್ಡದ ಕೆಳಗೆ. ಅಲ್ಲಿ ಕರೆ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಹಾಗಾಗಿ ಎಸ್ಸೆಮ್ಮೆಸ್ಸೇ ಗಟ್ಟಿ ಅಂತ ಸಂಘದ ಕಾರ್ಯದರ್ಶಿ ತೀರ್ಮಾನ ಮಾಡಿದರು. ಇವರು ನನಗೆ ಸಂಬಂಧದಲ್ಲಿ ಮಾವ. ತೀರ್ಮಾನ ಸರಿಯಾಗಿಯೇ ಇತ್ತು. ಕಳಿಸಿದ ದಾರಿ ಮಾತ್ರ ತಪ್ಪಿತು.

ಜೂನ್ ಮೊದಲ ವಾರ ಅವರು ತಮ್ಮದೇ ಫೋನಿನಿಂದ, ತಮ್ಮದೇ ಸಿಮ್ಮಿನಿಂದ, ಒಂದು ಬಲ್ಕ್ ಮೆಸೇಜ್ ಆ್ಯಪ್ ಹಾಕಿಕೊಂಡು ಹೀಗೆ ಬರೆದು ಕಳಿಸಿದರು:

"ಆತ್ಮೀಯ ಸದಸ್ಯರೇ, ನಾಳೆ ಬೆಳಿಗ್ಗೆ 7 ಗಂಟೆಗೆ ಮದ್ದು ಬಿಡುವ ತಂಡ ನಿಮ್ಮ ತೋಟಕ್ಕೆ ಬರಲಿದೆ. ದಯವಿಟ್ಟು ನೀರಿನ ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಸಂಘದ ಅಂಗಡಿಯಲ್ಲಿ ಮೈಲುತುತ್ತು, ಸುಣ್ಣ ಲಭ್ಯ. ಸದಸ್ಯರಿಗೆ ಶೇ. 5 ರಿಯಾಯಿತಿ."

ಚೆಂದದ ಮೆಸೇಜ್, ಅಲ್ವಾ? ನೋಡಿದರೆ ತಪ್ಪು ಕಾಣುವುದಿಲ್ಲ. ಇದರೊಳಗೆ ಮೂರು ತೊಂದರೆ ಕೂತಿದ್ದವು.

ಮೊದಲನೆಯದು ಅವತ್ತೇ ಗೊತ್ತಾಯಿತು. ನಮ್ಮ ರೀಚಾರ್ಜ್ ಪ್ಲ್ಯಾನ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಇರುತ್ತದೆ. ಆದರೆ ಕನ್ನಡದ ಮೆಸೇಜಿನ ಲೆಕ್ಕವೇ ಬೇರೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70. ಅದಕ್ಕಿಂತ ಉದ್ದವಾದರೆ ಮೆಸೇಜ್ ತುಂಡಾಗುತ್ತದೆ, ತುಂಡೊಂದಕ್ಕೆ 67 ಮಾತ್ರ. ಉಳಿದ ಜಾಗ ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೆ ಹೋಗುತ್ತದೆ. ಮಾವನ ಮೆಸೇಜ್ ಎಣಿಸಿ ನೋಡಿದೆ: 182. ಅಂದರೆ ಮೂರು ತುಂಡು. 100ರಲ್ಲಿ ಮೂರು ಮೂರರಂತೆ ಹೋದರೆ ಎಷ್ಟು ಮನೆ? 33. ಪಟ್ಟಿಯಲ್ಲಿ 34ನೆಯವರಿಗೆ ಮೊದಲ ತುಂಡು ಮಾತ್ರ ಮುಟ್ಟಿತು. ಅದರ ನಂತರದವರಿಗೆ ಏನೂ ಇಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ತಂಡ ಹೋದ ಮೂರು ತೋಟದಲ್ಲಿ ಎರಡರಲ್ಲಿ ನೀರು ತುಂಬಿಸಿಟ್ಟಿರಲಿಲ್ಲ. ಮೆಸೇಜ್ ಬಂದವರು ನೀರು ತುಂಬಿಸಿ, ಮದ್ದು ಕಲಸಿ, ದಾರಿ ನೋಡುತ್ತಾ ಕೂತಿದ್ದರು. ಆದರೆ ಅವತ್ತು ತಂಡದ ಸರದಿ ಅವರ ಕಡೆಗೆ ಇರಲೇ ಇಲ್ಲ. ಯಾಕೆಂದರೆ ಸರದಿ ನೋಡದೆ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಹೊರಟಿದ್ದರು!

ಮಾವ ಬಿಡುವ ಆಸಾಮಿ ಅಲ್ಲ. ಪಟ್ಟಿಯನ್ನು ದಿನಕ್ಕೆ ಮೂವತ್ತರಂತೆ ಭಾಗ ಮಾಡಿದರು. ಹತ್ತಿರ ಹತ್ತಿರ ಎರಡು ವಾರ ಸಂಜೆ ಸಂಜೆ ಕಳಿಸಿದರು. ಜೂನ್ 20ರ ಹೊತ್ತಿಗೆ ಒಂದು ಬೆಳಿಗ್ಗೆ ಕೊಡೆ ಮಡಚುತ್ತಾ ನನ್ನ ಅಂಗಡಿಗೆ ಬಂದರು. ನನ್ನದು ಬದಿಯಡ್ಕ ಪೇಟೆಯಲ್ಲಿ ಜೆರಾಕ್ಸ್, ಪ್ರಿಂಟಿಂಗ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ.

"ಎಂತ ಮಾರಾಯ, ನನ್ನ ಫೋನಿಂದ ಯಾರಿಗೂ ಹೋಗುವುದಿಲ್ಲ. ಬರುವುದೆಲ್ಲ ಬರ್ತದೆ. ಬೈಯುವವರ ಫೋನೆಲ್ಲ ಸರೀ ಬರ್ತದೆ."

ಹೊರಹೋಗುವ ಕರೆ, ಮೆಸೇಜ್ ಎರಡೂ ಬಂದ್ ಆಗಿದ್ದವು. 15 ದಿನಕ್ಕೆ.

ಯಾಕೆ ಬಂದ್ ಆಯಿತು

ನಮ್ಮ ದೇಶದಲ್ಲಿ ವ್ಯಾಪಾರಿ ಮೆಸೇಜುಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರ ಜುಲೈ 19ರಂದು ಹೊರಡಿಸಿದ ನಿಯಮಾವಳಿ ಇದೆ. 2025ರ ಫೆಬ್ರವರಿ 12ರಂದು ಅದಕ್ಕೆ ತಿದ್ದುಪಡಿ ಬಂತು, ಇನ್ನಷ್ಟು ಬಿಗಿಯಾಯಿತು. ಮೂಲ ಮಾತು ಸರಳ. ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರ್ ಇರುವುದು ಮನುಷ್ಯರು ಮನುಷ್ಯರ ಜೊತೆ ಮಾತನಾಡಲಿಕ್ಕೆ. ಅದರಿಂದ ವ್ಯಾಪಾರದ ಮೆಸೇಜ್ ಕಳಿಸಬಾರದು. ಹಾಗೆ ನೋಂದಣಿ ಇಲ್ಲದ ನಂಬರಿನಿಂದ ಬಂತು ಎಂದು ಯಾರು ಬೇಕಾದರೂ 1909ಕ್ಕೆ ದೂರು ಕೊಡಬಹುದು. ಅವರು ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ಬೇಡ ಅನ್ನುವ ನೋಂದಣಿ) ಹಾಕಿಸಿಕೊಂಡಿರಲೇಬೇಕು ಅಂತಿಲ್ಲ. ದೂರು ಕೊಡಲು ಮೊದಲು ಮೂರು ದಿನ ಸಮಯ ಇತ್ತು, ತಿದ್ದುಪಡಿಯಲ್ಲಿ ಏಳು ಮಾಡಿದರು. ಕ್ರಮ ಜರುಗಿಸುವ ಗಡಿ ಮೊದಲು 7 ದಿನದಲ್ಲಿ 10 ದೂರು. ಈಗ 10 ದಿನದಲ್ಲಿ 5. ಮೊದಲ ಸಲ ಸಿಕ್ಕಿಬಿದ್ದರೆ 15 ದಿನ ಹೊರಕರೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್.

ಐದು ಮಂದಿ ದೂರು ಕೊಟ್ಟರಾ, ನಮ್ಮದೇ ಸದಸ್ಯರಾ ಅಂತ ಮಾವನಿಗೆ ಭಾರೀ ಬೇಸರ. ಯಾರು ಅಂತ ಆಪರೇಟರ್ ಹೇಳುವುದಿಲ್ಲ. ಪಟ್ಟಿಯ ನಂಬರುಗಳಿಗೆ ಸಂಘದ ಹುಡುಗನಿಂದ ಒಂದೊಂದಾಗಿ ಫೋನ್ ಮಾಡಿಸಿದೆವು. ಆಗ ಬೆಳಕಾಯಿತು. ಪಟ್ಟಿ ಹತ್ತು ವರ್ಷ ಹಳೆಯದು. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು 90 ದಿನ ಕಾದು ಬೇರೆಯವರಿಗೆ ಕೊಡುತ್ತಾರೆ. ಹಾಗೆ ಬೇರೆಯವರ ಕೈಗೆ ಹೋದ ನಂಬರುಗಳು ಪಟ್ಟಿಯಲ್ಲಿ ಹತ್ತಕ್ಕಿಂತ ಮೇಲಿದ್ದವು. ಒಬ್ಬರಿಗೆ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ, ಹಿಂದಿ ಮಾತ್ರ. ಅರ್ಥವಾಗದ ಲಿಪಿಯಲ್ಲಿ, ಗುರುತಿಲ್ಲದ ನಂಬರಿನಿಂದ, ಮತ್ತೆ ಮತ್ತೆ "ಶೇ. 5" ಅಂತ ಮೆಸೇಜ್ ಬಂದರೆ ನಾನಾದರೂ ದೂರು ಕೊಡುತ್ತಿದ್ದೆ.

ಕಳಿಸುವ ನಂಬರು ಯಾವುದೆಲ್ಲ ಸಿಗುತ್ತದೆ

ನಾನೂ ಆಗಲೇ ಇದನ್ನು ಓದಿ ತಿಳಿದುಕೊಂಡದ್ದು. ಮಾವನಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ.

ಮೆಸೇಜಿನ ತಲೆಯಲ್ಲಿ ಬ್ಯಾಂಕಿನ ಹೆಸರು ಬರುತ್ತದಲ್ಲ, ಅದಕ್ಕೆ ಹೆಡರ್ ಅನ್ನುತ್ತಾರೆ. ಆರು ಇಂಗ್ಲಿಷ್ ಅಕ್ಷರ. ಈಗಾಗಲೇ ಸಂಬಂಧ ಇರುವ ಗ್ರಾಹಕರಿಗೆ, ಅವರು ಕೇಳಿದ ಕೆಲಸದ ಬಗ್ಗೆ ತಿಳಿಸಲು ಇದು. ಮಾಲು ಮಾರುವ ಪ್ರಚಾರಕ್ಕೆ ವಾಡಿಕೆಯಲ್ಲಿರುವುದು ಆರು ಅಂಕಿಯ ಹೆಡರ್. ಅದು ಡಿಎನ್‌ಡಿ ಹಾಕಿಸಿಕೊಂಡವರಿಗೆ ಹೋಗುವುದಿಲ್ಲ. ಐದು ಅಂಕಿಯ ಶಾರ್ಟ್ ಕೋಡ್ ಅಂತ ಇನ್ನೊಂದು ಇದೆ, ಜನ ಉತ್ತರ ಬರೆದು ಕಳಿಸಬೇಕಾದಲ್ಲಿ ಬಳಸುವುದು. ನಮ್ಮಂಥ ಸಣ್ಣ ಸಂಘಕ್ಕೆ ಅದು ಆನೆ ಸಾಕಿದ ಹಾಗೆ. ಇನ್ನು 140 ಮತ್ತು 160ರಿಂದ ಶುರುವಾಗುವ ನಂಬರುಗಳು ಕರೆಗೆ, ಮೆಸೇಜಿಗಲ್ಲ. 140 ಪ್ರಚಾರದ ಕರೆ, 160 ಸೇವೆಯ ಕರೆ.

2025ರ ತಿದ್ದುಪಡಿಯ ಬಳಿಕ ಹೆಡರಿನ ಕೊನೆಗೆ ಒಂದು ಅಡ್ಡಗೆರೆ, ಅದರ ಪಕ್ಕ ಒಂದು ಅಕ್ಷರ ಬರುತ್ತದೆ. 'ಪಿ' ಇದ್ದರೆ ಪ್ರಚಾರ, 'ಎಸ್' ಇದ್ದರೆ ಸರ್ವಿಸ್, 'ಟಿ' ಒಟಿಪಿಯಂಥ ವ್ಯವಹಾರದ್ದು, 'ಜಿ' ಸರ್ಕಾರದ್ದು. ನಿಮ್ಮ ಫೋನಿನಲ್ಲಿ ಈಗಲೇ ತೆರೆದು ನೋಡಿ, ಕಾಣುತ್ತದೆ. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸಿತು. ಓದುವ ಮೊದಲೇ ಗೊತ್ತಾಗುತ್ತದೆ, ಇದು ಮಾರಲು ಬಂದದ್ದಾ ತಿಳಿಸಲು ಬಂದದ್ದಾ ಅಂತ.

ಹಾಳೆ ನೋಡಿ ಮಾವ ಕೇಳಿದ್ದು ಒಂದೇ ಪ್ರಶ್ನೆ: "ನಾವು ಸಂಘ. ಸಂಘಕ್ಕೆ ಯಾವುದು?"

ಅಲ್ಲೇ ನಾವು ಎಡವಿದ್ದು. ನಾವು ಯಾರು ಅನ್ನುವುದರ ಮೇಲೆ ಹೆಡರ್ ಸಿಗುವುದಿಲ್ಲ, ನಾವು ಏನು ಹೇಳುತ್ತೇವೆ ಅನ್ನುವುದರ ಮೇಲೆ ಸಿಗುತ್ತದೆ. ಒಂದೇ ಸಂಘ ಬೆಳಿಗ್ಗೆ 'ಎಸ್' ಆಗಬಹುದು, ಮಧ್ಯಾಹ್ನ 'ಪಿ' ಆಗಬಹುದು. ಒಂದೇ ಮೆಸೇಜಿನಲ್ಲಿ ಎರಡೂ ಆಗಲು ಬರುವುದಿಲ್ಲ. ಇದು ನಮ್ಮ ತಲೆಗೆ ಹೋದದ್ದು ಎರಡು ಸಲ ಅರ್ಜಿ ವಾಪಸ್ ಬಂದ ಮೇಲೆ.

ಮೂರು ಭಾಷೆಯ ಮೂರು ಹೆಸರು

ಮೆಸೇಜ್ ಕಳಿಸುವ ಸಂಸ್ಥೆ, ಅದರ ಹೆಡರ್ ಎಲ್ಲದರ ನೋಂದಣಿ ಮಾಡುವುದು ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ. ಪ್ರತಿ ಆಪರೇಟರಿಗೂ ತನ್ನದೇ ಪೋರ್ಟಲ್ ಇದೆ, ಒಂದರಲ್ಲಿ ಮಾಡಿದರೆ ಎಲ್ಲ ಕಡೆ ಸಾಕು. ಒಬ್ಬ ನಿರ್ದೇಶಕರು ಸಭೆಯಲ್ಲಿ ಕೇಳಿದರು: ನಮ್ಮಲ್ಲಿ ಪೆರ್ಲ, ಅಡ್ಕಸ್ಥಳದ ಕಡೆಯವರು ಕರ್ನಾಟಕದ ಸಿಮ್ ಇಟ್ಟುಕೊಂಡಿದ್ದಾರೆ, ಅವರಿಗೆ ಬೇರೆ ಅರ್ಜಿ ಬೇಕಾ? ಬೇಡ. ಈ ನಿಯಮಕ್ಕೆ ರಾಜ್ಯದ ಗಡಿ ಇಲ್ಲ. ಗಡಿನಾಡಿನಲ್ಲಿ ಒಂದೇ ಅರ್ಜಿಯಲ್ಲಿ ಮುಗಿಯುವ ಸರಕಾರಿ ಕೆಲಸ ನಾನು ನೋಡಿದ್ದು ಇದೊಂದೇ ಇರಬೇಕು.

ಆದರೆ ಗಡಿ ಬೇರೆ ರೂಪದಲ್ಲಿ ಬಂತು. ಬೇಕಾದ ದಾಖಲೆ ಜಾಸ್ತಿ ಏನಿಲ್ಲ: ಪ್ಯಾನ್, ನೋಂದಣಿ ಪತ್ರ, ಲೆಟರ್‌ಹೆಡ್‌ನಲ್ಲಿ ಅಧಿಕಾರ ಪತ್ರ. ಪ್ಯಾನ್ ಇಂಗ್ಲಿಷಿನಲ್ಲಿ. ನೋಂದಣಿ ಪತ್ರ ಮಲಯಾಳದಲ್ಲಿ. ಲೆಟರ್‌ಹೆಡ್ ಕನ್ನಡದಲ್ಲಿ. ಪ್ಯಾನ್‌ನಲ್ಲಿ 'ಅರೆಕಾನಟ್', ಪತ್ರದಲ್ಲಿ 'ಅಡಯ್ಕ', ನಮ್ಮ ಲೆಟರ್‌ಹೆಡ್‌ನಲ್ಲಿ 'ಅಡಕೆ'. ಮಂಜೇಶ್ವರ ಅಂದರೆ ಮಂಜೇಶ್ವರಂ, ಬದಿಯಡ್ಕ ಅಂದರೆ ಇಂಗ್ಲಿಷಿನಲ್ಲಿ ಎರಡು ಮೂರು ಬಗೆ. ಕಾಸರಗೋಡಿನವರಿಗೆ ಇದೆಲ್ಲ ಅಭ್ಯಾಸ, ನಮಗೆ ಅದು ಬೇರೆ ಬೇರೆ ಹೆಸರು ಅಂತ ಅನ್ನಿಸುವುದೇ ಇಲ್ಲ. ಎಲ್ಲೋ ದೂರದ ಊರಿನಲ್ಲಿ ಕೂತು ಪರಿಶೀಲನೆ ಮಾಡುವವರಿಗೆ ಅದು ಮೂರು ಬೇರೆ ಸಂಸ್ಥೆ. ಅರ್ಜಿ ವಾಪಸ್. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಲೆಟರ್‌ಹೆಡ್ ಹೊಸದಾಗಿ ಮಾಡಿಸಿದೆವು. ಪ್ಯಾನ್‌ನಲ್ಲಿ ಇದ್ದ ಕಾಗುಣಿತವನ್ನೇ ಹಾಗೆಯೇ ಬರೆದು, ಸೀಲು ಹಾಕಿ, ಅಧ್ಯಕ್ಷರ ಸಹಿ ಮಾಡಿಸಿ ಕಳಿಸಿದ ಮೇಲೆ ಒಪ್ಪಿದರು. ಪ್ರಿಂಟ್ ಮಾಡಿದ್ದು ನಾನೇ, ದುಡ್ಡು ತೆಗೆದುಕೊಳ್ಳಲಿಲ್ಲ.

ಫೀಸು 5,000, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ 5,900 ರೂಪಾಯಿ ಕಟ್ಟಿದೆವು. ಸಂಘಕ್ಕೆ 19 ಅಂಕಿಯ ಒಂದು ಗುರುತಿನ ಸಂಖ್ಯೆ ಬಂತು. ಹೆಡರಿಗೆ ಮೊದಲು ಅಡಕೆಗೆ ಸಂಬಂಧಪಟ್ಟ ಒಂದು ಸಾಮಾನ್ಯ ಪದ ಕೇಳಿದೆವು, ಕೊಡಲಿಲ್ಲ. ಸಂಸ್ಥೆಯ ಹೆಸರಿಗೆ ಹೊಂದಬೇಕಂತೆ. ಸಂಘದ ಮೊದಲಕ್ಷರಗಳು ನಾಲ್ಕು, ಅದಕ್ಕೆ ಊರಿನ ಎರಡಕ್ಷರ ಸೇರಿಸಿ ಆರು ಮಾಡಿದೆವು. ಸಿಕ್ಕಿತು.

ಇದರ ನಡುವೆ ಒಬ್ಬ ಮಧ್ಯವರ್ತಿ ಫೋನ್ ಮಾಡಿದ್ದ. ಡಿಎಲ್‌ಟಿ ತಲೆನೋವು ನಿಮಗೆ ಯಾಕೆ, ನಮ್ಮ ಹತ್ತಿರ ಬೇರೆಯವರ ಹೆಡರ್ ಇದೆ, ಅದರಲ್ಲೇ ಕಳಿಸಿಕೊಡುತ್ತೇವೆ ಅಂದ. ಕಮ್ಮಿ ದರ. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಒಂದು ಸಲ ಬಂದ್ ಆದ ಫೋನ್ ಕೈಯಲ್ಲೇ ಇತ್ತು. ಬೇಡ ಅಂದರು.

ಕಳಿಸಿಕೊಡುವ ಏಜೆನ್ಸಿ ನಾವೇ ಬೇರೆ ಹುಡುಕಿದೆವು. ನಿಯಮದಲ್ಲಿ ಅವರಿಗೆ 'ಟೆಲಿಮಾರ್ಕೆಟರ್' ಅಂತಲೇ ಹೆಸರು. ಪೋರ್ಟಲ್‌ನಲ್ಲಿ ನಾವು ಅವರನ್ನು ನಮ್ಮ ಏಜೆನ್ಸಿ ಅಂತ ಜೋಡಿಸಬೇಕು, ಅವರು ಒಪ್ಪಬೇಕು. ಸಂಘದಿಂದ ಆಪರೇಟರ್‌ವರೆಗಿನ ಈ ಸರಪಳಿ ಪೂರ್ತಿ ಇಲ್ಲದಿದ್ದರೆ 2024ರ ಡಿಸೆಂಬರ್ 11ರಿಂದ ಮೆಸೇಜ್ ಹೋಗುವುದೇ ಇಲ್ಲ.

ಮೆಸೇಜನ್ನು ಸೀಳಿದ್ದು

ಹೆಡರ್ ಸಿಕ್ಕರೆ ಸಾಲದು. ಕಳಿಸುವ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ಬರೆಸಿ ಒಪ್ಪಿಗೆ ಪಡೆಯಬೇಕು. ಇದು ಟೆಂಪ್ಲೇಟ್. ದಿನಾಂಕ, ಹೆಸರಿನಂಥ ಬದಲಾಗುವ ಜಾಗ ಮಾತ್ರ ಖಾಲಿ ಬಿಡಬಹುದು. ಕಳಿಸಿದ ಪ್ರತಿ ಮೆಸೇಜನ್ನೂ ಯಂತ್ರ ಟೆಂಪ್ಲೇಟಿನ ಜೊತೆ ಹೋಲಿಸುತ್ತದೆ, ಹೊಂದದಿದ್ದರೆ ಅಲ್ಲೇ ಬಿಸಾಡುತ್ತದೆ. 2021ರ ಮಾರ್ಚ್ 8ರಂದು ಈ ಹೋಲಿಕೆ ಮೊದಲು ಶುರು ಮಾಡಿದಾಗ ದೇಶದಲ್ಲಿ ಬ್ಯಾಂಕಿನ ಒಟಿಪಿಗಳೇ ನಿಂತುಹೋಗಿ, ಒಂದು ವಾರ ಮುಂದೂಡಬೇಕಾಗಿ ಬಂದಿತ್ತು. ಬ್ಯಾಂಕುಗಳಿಗೇ ಆ ಗತಿ ಆದರೆ ನಮ್ಮದೇನು.

ಮಾವ ತಮ್ಮ ಹಳೇ ಮೆಸೇಜನ್ನೇ ಸರ್ವಿಸ್ ಅಂತ ಹಾಕಿಸಿದರು. ವಾಪಸ್ ಬಂತು. "ಆತ್ಮೀಯ" ತೆಗೆದು ಮತ್ತೆ ಹಾಕಿಸಿದರು. ಮತ್ತೆ ವಾಪಸ್. ತೊಂದರೆ ಇದ್ದದ್ದು ಕೊನೆಯ ಎರಡು ವಾಕ್ಯದಲ್ಲಿ: ಅಂಗಡಿಯಲ್ಲಿ ಮೈಲುತುತ್ತು ಇದೆ, 5 ಶೇಕಡಾ ಕಡಿತ. ತಂಡ ಬರುತ್ತದೆ ಅನ್ನುವುದು ಸದಸ್ಯರು ಹೆಸರು ಬರೆಸಿದ್ದಕ್ಕೆ ಉತ್ತರ. ಕಡಿತ ಇದೆ ಅನ್ನುವುದು ಯಾರೂ ಕೇಳದ ಮಾತು. ಎರಡು ವಾಕ್ಯಕ್ಕಾಗಿ ಇಡೀ ಮೆಸೇಜ್ ಪ್ರಚಾರ ಆಗಿಬಿಡುತ್ತದೆ.

"ಹಾಗಾದರೆ ಪ್ರಚಾರ ಅಂತಲೇ ಹಾಕುವ, ಎಂತ ಆಗ್ತದೆ?" ಅಂದರು ಮಾವ.

ಆಗುವುದು ಏನೆಂದರೆ, ಡಿಎನ್‌ಡಿ ಹಾಕಿಸಿಕೊಂಡ ಸದಸ್ಯರಿಗೆ ತಂಡ ಬರುವ ಸುದ್ದಿಯೇ ಹೋಗುವುದಿಲ್ಲ. ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಊರಿಗೆ ಬಂದಾಗ ಮೊದಲು ಮಾಡುವ ಉಪಕಾರ ಅಪ್ಪನ ಫೋನಿಗೆ ಡಿಎನ್‌ಡಿ ಹಾಕುವುದು. ನಮ್ಮ ಸದಸ್ಯರಲ್ಲಿ ಅಂಥವರು ಎಷ್ಟೋ ಮಂದಿ. ಮತ್ತೆ, ಪ್ರಚಾರದ ಮೆಸೇಜ್ ಬೆಳಿಗ್ಗೆ 10ರಿಂದ ರಾತ್ರಿ 9ರ ಒಳಗೆ ಮಾತ್ರ ಹೋಗುತ್ತದೆ ಅಂತ ಏಜೆನ್ಸಿಯವರು ಹೇಳಿದರು. ಬೆಳಗಿನ ಆರಕ್ಕೆ ಮಳೆ ಸುರಿಯಲು ಶುರುವಾದರೆ "ಇವತ್ತು ತಂಡ ಬರುವುದಿಲ್ಲ" ಅಂತ ಹೇಳಲು ಹತ್ತು ಗಂಟೆವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಮದ್ದು ಕಲಸಿ ಆಗಿರುತ್ತದೆ.

ಇಲ್ಲಿ ಒಂದು ತಮಾಷೆಯನ್ನೂ ಹೇಳಬೇಕು. ಗ್ರಾಹಕರು ಯಾವ ಬಗೆಯ ಪ್ರಚಾರ ಬೇಡ ಅಂತ ಆರಿಸಿಕೊಳ್ಳಲು ಎಂಟು ವಿಭಾಗ ಮಾಡಿದ್ದಾರೆ. ಬ್ಯಾಂಕು ವಿಮೆ, ಜಾಗ ಮನೆ, ಶಿಕ್ಷಣ, ಆರೋಗ್ಯ, ಗ್ರಾಹಕ ವಸ್ತು ಮತ್ತು ವಾಹನ, ಮನರಂಜನೆ ಮತ್ತು ಸಂಪರ್ಕ, ಪ್ರವಾಸ, ಊಟ ತಿಂಡಿ. ಕೃಷಿ ಅಂತ ಒಂದಿಲ್ಲ. ಮೈಲುತುತ್ತನ್ನು ಎಲ್ಲಿ ಹಾಕುವುದು? ಕಾರು, ಸ್ಕೂಟರಿನ ಪಕ್ಕದಲ್ಲಿ ಕೂರಿಸಬೇಕಾದ ಪರಿಸ್ಥಿತಿ.

ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚೆ ಆಯಿತು. ಪ್ರಚಾರಕ್ಕೆ ಇನ್ನೊಂದು ಹೆಡರ್, ಇನ್ನೊಂದು ಟೆಂಪ್ಲೇಟ್ ಮಾಡಿಸಬಹುದಿತ್ತು. ಆದರೆ ಮಳೆಗಾಲದಲ್ಲಿ ಸಂಘದ ಅಂಗಡಿಯಲ್ಲಿ ಮೈಲುತುತ್ತು ಸಿಗುತ್ತದೆ ಅಂತ ಗೊತ್ತಿಲ್ಲದ ಸದಸ್ಯ ಯಾರಿದ್ದಾರೆ? ಅಂಗಡಿ ಬಾಗಿಲಿನ ಕರಿಹಲಗೆಯಲ್ಲಿ ದರ ಬರೆಯುವುದು ಅಂತ ತೀರ್ಮಾನ ಆಯಿತು. ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದಲ್ಲಿ ಮಾಡಿದ ಬುದ್ಧಿವಂತಿಕೆಯ ಕೆಲಸ ಅದೇ.

70ರೊಳಗೆ ಕನ್ನಡ

ಉಳಿದದ್ದನ್ನು ಒಂದೇ ತುಂಡಿನಲ್ಲಿ ಕೂರಿಸುವುದು ನನ್ನ ಹಟ. ದುಡ್ಡಿಗಾಗಿ ಅಲ್ಲ. ತುಂಡಿಗೆ 20 ಪೈಸೆಯಂತೆ ಮೂರು ತುಂಡು 164 ಮಂದಿಗೆ ಕಳಿಸಿದರೂ ನೂರು ರೂಪಾಯಿ ಆಗುವುದಿಲ್ಲ. ಆದರೆ ಹಳೇ ಬಟನ್ ಫೋನುಗಳಲ್ಲಿ ತುಂಡುಗಳು ಹಿಂದು ಮುಂದಾಗಿ ಬರುತ್ತವೆ, ಒಂದೊಂದು ಸಲ ಮಧ್ಯದ ತುಂಡೇ ಬರುವುದಿಲ್ಲ.

ಕಂಗ್ಲಿಷಿನಲ್ಲಿ ಬರೆದರೆ 160 ಸಿಗುತ್ತಿತ್ತು. "ಅದನ್ನು ಓದಲು ನನ್ನ ಮೊಮ್ಮಗನನ್ನು ಕರೆಯಬೇಕು" ಅಂದರು ಅಧ್ಯಕ್ಷರು. ಹಾಗಾಗಿ ಕನ್ನಡವೇ.

ನಮ್ಮ ಕಣ್ಣಿಗೆ 'ಮದ್ದು' ಎರಡಕ್ಷರ. ಯಂತ್ರದ ಲೆಕ್ಕದಲ್ಲಿ ಐದು: ಮ, ದ, ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು, ಮತ್ತೊಂದು ದ, ಉಕಾರದ ಕೊಂಬು. 'ಬೆಳಿಗ್ಗೆ' ಎಂಟು. ಒತ್ತಕ್ಷರ ಇದ್ದಷ್ಟೂ ಹಿಗ್ಗುತ್ತದೆ. 'ವ್ಯವಸ್ಥೆ' ಅನ್ನುವ ಒಂದೇ ಪದ ಎಂಟು ನುಂಗುತ್ತದೆ, 'ಮಾಡಿಟ್ಟುಕೊಳ್ಳಿ' ಹದಿನಾಲ್ಕು. ಎರಡನ್ನೂ ತೆಗೆದೆ. ನೀರು ತುಂಬಿಸಿಡಬೇಕು ಅಂತ ಅಡಕೆ ಬೆಳೆಯುವವರಿಗೆ ಹೇಳಿಕೊಡಬೇಕಾ? ಕೊನೆಗೆ ಉಳಿದದ್ದು ಇಷ್ಟು (ಸಂಘದ ಹೆಸರಿನ ಜಾಗದಲ್ಲಿ ಅಷ್ಟೇ ಉದ್ದದ ಬೇರೆ ಹೆಸರು ಹಾಕಿದ್ದೇನೆ):

"ಜುಲೈ 12 ಬೆಳಿಗ್ಗೆ ಮದ್ದಿನ ತಂಡ ಬರುತ್ತದೆ. ಆಗದಿದ್ದರೆ ಫೋನ್ ಮಾಡಿ. -ಅಡಕೆ ಸಂಘ"

ಎಣಿಸಿದರೆ 68. "ಜುಲೈ 12 ಬೆಳಿಗ್ಗೆ" ಅನ್ನುವುದು ಖಾಲಿ ಜಾಗ, ಅದರಲ್ಲಿ 30ರವರೆಗೆ ತುಂಬಬಹುದು. ಟೆಂಪ್ಲೇಟ್ ಒಪ್ಪಿಗೆ ಆಯಿತು. ಖುಷಿಯಲ್ಲಿ ನನ್ನ ಫೋನಿಗೇ ಒಂದು ಕಳಿಸಿ ನೋಡಿದೆ. ಬರಲಿಲ್ಲ. ಟೆಂಪ್ಲೇಟ್ ಹೊಂದುತ್ತಿಲ್ಲ ಅಂತ ವರದಿ ಬಂತು.

ಎರಡು ಸಂಜೆ ಇದರಲ್ಲೇ ಹೋಯಿತು. ಒಂದೊಂದು ಅಕ್ಷರ ಪಕ್ಕ ಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಚುಕ್ಕೆ ಸರಿ, ಜಾಗ ಸರಿ. ಕೊನೆಗೆ ಟೆಂಪ್ಲೇಟಿನ ಸಾಲಿನಲ್ಲಿ ಕರ್ಸರ್ ಇಟ್ಟು ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತಾ ಹೋದೆ. 'ಫೋನ್' ಪದದ ಕೊನೆಗೆ ಬಂದಾಗ ಒಂದು ಸಲ ಒತ್ತಿದರೂ ಕರ್ಸರ್ ನಿಂತಲ್ಲೇ ನಿಂತಿತು. ಅಲ್ಲಿ ಏನೋ ಇದೆ, ಕಾಣುವುದಿಲ್ಲ ಅಷ್ಟೇ.

ಟೆಂಪ್ಲೇಟನ್ನು ಸಂಘದ ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡಿಗೆ ಬದಲಿಸಿ ಅಂಟಿಸಿದ್ದರು. ಹಾಗೆ ಬದಲಿಸುವಾಗ 'ನ್' ಥರದ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಹೋಗದ ಹಾಗೆ ತಡೆಯುವ ಗುರುತು ಅದು. ಪದದ ಕೊನೆಯಲ್ಲಿ ಅದರಿಂದ ಉಪಯೋಗ ಏನೂ ಇಲ್ಲ, ಸುಮ್ನೆ ಕೂತಿರುತ್ತದೆ. ನಾನು ಫೋನಿನ ಕೀಬೋರ್ಡಿನಲ್ಲಿ ಬರೆದದ್ದರಲ್ಲಿ ಅದು ಇರಲಿಲ್ಲ. ಮನುಷ್ಯರಿಗೆ ಎರಡೂ ಒಂದೇ 'ಫೋನ್'. ಯಂತ್ರಕ್ಕೆ ಬೇರೆ ಬೇರೆ ಪದ.

ಟೆಂಪ್ಲೇಟನ್ನು ಹೊಸದಾಗಿ, ಈ ಸಲ ನನ್ನ ಫೋನಿನಲ್ಲೇ ಬರೆದು ಹಾಕಿಸಿದೆ. ಅದು ಒಳ್ಳೆಯದೇ ಆಯಿತು. ಯಾಕೆಂದರೆ 'ಜುಲೈ' ನಾಲ್ಕು, 'ಆಗಸ್ಟ್' ಆರು. ಆಗಸ್ಟಿನಲ್ಲಿ ಮೆಸೇಜ್ ಸರಿಯಾಗಿ 70 ಆಗುತ್ತದೆ, ಒಂದೂ ಜಾಸ್ತಿ ಇಲ್ಲ. ಆ ಕಾಣದ ಗುರುತು ಉಳಿದಿದ್ದರೆ 71 ಆಗಿ ಎರಡು ತುಂಡಾಗುತ್ತಿತ್ತು. 'ಸೆಪ್ಟೆಂಬರ್' ಹತ್ತು, ಅದಂತೂ ಹೇಗೂ ಹಿಡಿಯುವುದಿಲ್ಲ. ಮಳೆ ಅಲ್ಲಿಯವರೆಗೆ ಎಳೆದರೆ ತಿಂಗಳನ್ನು ಅಂಕಿಯಲ್ಲಿ ಬರೆಯುವುದು ಅಂತ ಮಾಡಿಕೊಂಡೆವು.

ಜುಲೈ 11ರ ಸಂಜೆ

ಮೊದಲ ಮೆಸೇಜ್ ಜುಲೈ 11ರ ಸಂಜೆ ಹೋಯಿತು. ಈ ಸಲ ಎಲ್ಲರಿಗೂ ಅಲ್ಲ, ಮರುದಿನ ಸರದಿ ಇದ್ದ ಒಂಬತ್ತು ತೋಟದವರಿಗೆ ಮಾತ್ರ. ಅರ್ಧ ನಿಮಿಷದಲ್ಲಿ ಒಂಬತ್ತೂ ಮುಟ್ಟಿದ ವರದಿ ಬಂತು.

ಹತ್ತು ನಿಮಿಷದಲ್ಲಿ ಒಬ್ಬರು ಫೋನ್ ಮಾಡಿದರು. ಇದು ಮೋಸದ ಮೆಸೇಜಾ ಅಂತ. ಯಾಕೆ? ಅವರ ಫೋನಿನಲ್ಲಿ ಹೆಡರಿನ ಮುಂದೆ ಎರಡಕ್ಷರ ಒಂದು ಥರ ಇದೆ, ನೆರೆಮನೆಯವರ ಫೋನಿನಲ್ಲಿ ಬೇರೆ ಥರ ಇದೆ. ಒಳ್ಳೆಯ ಸಂಶಯವೇ. ಮುಂದಿನ ಎರಡಕ್ಷರದಲ್ಲಿ ಮೊದಲನೆಯದು ಮೆಸೇಜ್ ಹೊರಟ ಕಂಪೆನಿ: 'ಎ' ಅಂದರೆ ಏರ್‌ಟೆಲ್, 'ಜೆ' ಜಿಯೋ, 'ಬಿ' ಬಿಎಸ್‌ಎನ್‌ಎಲ್, 'ವಿ' ವೊಡಾಫೋನ್ ಐಡಿಯಾ. ಎರಡನೆಯದು ಅದು ಹೊರಟ ಸರ್ಕಲ್, ಅಂದರೆ ಫೋನ್ ಕಂಪೆನಿಗಳ ಲೆಕ್ಕದ ವಲಯ: 'ಎಲ್' ಕೇರಳ, 'ಎಕ್ಸ್' ಕರ್ನಾಟಕ, 'ಎಂ' ಮುಂಬಯಿ, 'ಡಿ' ದಿಲ್ಲಿ. ಹೊರಡುವುದು ಏಜೆನ್ಸಿಯ ಲೈನಿನಿಂದ, ಬದಿಯಡ್ಕದಿಂದ ಅಲ್ಲ. ಹಾಗಾಗಿ ಕಾಸರಗೋಡಿನ ಅಡಕೆ ಸಂಘದ ಮೆಸೇಜ್ ದಿಲ್ಲಿಯ ಅಕ್ಷರ ಹೊತ್ತು ಬರಬಹುದು. ನಂಬಬೇಕಾದದ್ದು ನಡುವಿನ ಆರು ಅಕ್ಷರವನ್ನು. ಅದು ಯಾರದ್ದು ಅಂತ ಟ್ರಾಯ್‌ನ ಹೆಡರ್ ಹುಡುಕುವ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಂತ ಹೇಳಿದೆ. "ಅದೆಲ್ಲ ನನಗೆ ಆಗ್ಲಿಕ್ಕಿಲ್ಲ, ನಾಳೆ ಬರ್ತಾರಲ್ಲ? ಅಷ್ಟು ಹೇಳು" ಅಂದರು.

ಇನ್ನೊಬ್ಬರದ್ದು ಬೇರೆ ಕತೆ. ಅವರಿಗೆ ಮರುದಿನ ಮದುವೆಗೆ ಹೋಗಲಿತ್ತು. ಮೆಸೇಜಿಗೆ "ನಾಳೆ ಬೇಡ" ಅಂತ ಉತ್ತರ ಬರೆದು ಕಳಿಸಿ, ನೆಮ್ಮದಿಯಾಗಿ ಮಲಗಿದ್ದಾರೆ. ಹೆಡರಿಗೆ ಉತ್ತರ ಹೋಗುವುದಿಲ್ಲ, ಅದು ಬರೀ ಹೆಸರು, ನಂಬರ್ ಅಲ್ಲ. ತಂಡ ದೋಟಿ ಹೊತ್ತುಕೊಂಡು ಹೋದರೆ ಗೇಟಿಗೆ ಬೀಗ, ಒಳಗೆ ನಾಯಿ. "ಆಗದಿದ್ದರೆ ಫೋನ್ ಮಾಡಿ" ಅಂತ ಬರೆದದ್ದು ಅದಕ್ಕೇ. ಅವರು ಓದಿದ್ದರು ಕೂಡ. ಹತ್ತಂಕಿಯ ನಂಬರ್ ಕೂಡ ಹಾಕಿ ಅನ್ನುವುದು ಅವರ ವಾದ. 70ರಲ್ಲಿ ಉಳಿದದ್ದು ಎರಡೇ ಜಾಗ ಅಂತ ಅವರಿಗೆ ಹೇಗೆ ಹೇಳುವುದು.

ಮಲಯಾಳ ಮಾತ್ರ ಓದುವ ಸದಸ್ಯರು ಇಪ್ಪತ್ತರ ಹತ್ತಿರ ಇದ್ದಾರೆ. ಇಷ್ಟು ವರ್ಷ ಅವರಿಗೂ ಕನ್ನಡದಲ್ಲೇ ಹೋಗುತ್ತಿತ್ತು, ಯಾರೂ ದೂರಿರಲಿಲ್ಲ. ಅವರಿಗೆ ಬೇರೆ ಟೆಂಪ್ಲೇಟ್ ಹಾಕಿಸಿದೆವು. ಮಲಯಾಳಕ್ಕೂ 70ರ ಲೆಕ್ಕವೇ. ಅದನ್ನು ಬರೆದುಕೊಟ್ಟದ್ದು ತಂಡದ ಒಬ್ಬ ಹುಡುಗ, ಒಂದೇ ಸಲಕ್ಕೆ ಹೊಂದಿತು.

ಪಟ್ಟಿಯನ್ನು ಈಗ ಮೇ ತಿಂಗಳಲ್ಲಿ ಹೆಸರು ಬರೆಸುವಾಗಲೇ ಹೊಸದು ಮಾಡುವುದು ಅಂತ ಆಗಿದೆ. ನಂಬರ್ ಬರೆದುಕೊಂಡು, ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು, ಅವರ ಕಿಸೆಯಲ್ಲಿ ಫೋನ್ ಅರಚಿದರೆ ಮಾತ್ರ ಟಿಕ್ ಹಾಕುವುದು.

ಮಾವನ ಫೋನ್ 15 ದಿನ ಕಳೆದು ಸರಿಯಾಯಿತು. ಈಗ ಮೆಸೇಜ್ ಹೋಗುವುದು ಸಂಘದ ಹೆಡರಿನಿಂದ, ಸಂಜೆ ಆರಕ್ಕೆ. ಆರೂವರೆಗೆ ಮಾವ ತಮ್ಮ ಫೋನ್ ತೆಗೆದು ಒಬ್ಬೊಬ್ಬರಿಗೇ ಕರೆ ಮಾಡುತ್ತಾರೆ, ಮೆಸೇಜ್ ಬಂತಾ ಅಂತ ಕೇಳಲಿಕ್ಕೆ.